ಟೆಕ್ಸ್ಟ್ ಎಡಿಟರ್‌ನಲ್ಲಿ ಕನ್ನಡ: ಎನ್‌ಕೋಡಿಂಗ್, ಅಕ್ಷರದ ಅಗಲ, ಕರ್ಸರ್ ಕಾಟ – ಪದೇ ಪದೇ ಕೇಳುವ ಪ್ರಶ್ನೆಗಳು

ವಿಮ್, ಈಮ್ಯಾಕ್ಸ್, ವಿಎಸ್ ಕೋಡ್, ನೋಟ್‌ಪ್ಯಾಡ್ ಯಾವುದ್ರಲ್ಲಾದ್ರೂ ಸರಿ, ಕನ್ನಡ ಬರೆಯೋಕೆ ಕೂತವ್ರು ಕೇಳೋ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ. ಚೀನಿ, ಜಪಾನಿ, ಉರ್ದು, ಇಮೋಜಿ ಕೂಡ ಅಲ್ಲಲ್ಲಿ ಬರತ್ತೆ, ಯಾಕಂದ್ರೆ ಎಡಿಟರ್ ಒಳಗಿನ ಲೆಕ್ಕ ಎಲ್ಲದಕ್ಕೂ ಒಂದೇ.

ಪ್ರ: ಟರ್ಮಿನಲ್‌ನಲ್ಲಿ ವಿಮ್ ತೆಗೆದು ಕನ್ನಡ ಟೈಪ್ ಮಾಡಿದ್ರೆ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಇರತ್ತೆ. ಯಾಕೆ?

ಒಂದು ಅಕ್ಷರಕ್ಕೆ ಎಷ್ಟು ಜಾಗ ಬೇಕು ಅನ್ನೋದ್ರಲ್ಲಿ ವಿಮ್‌ಗೂ ಟರ್ಮಿನಲ್‌ಗೂ ಒಮ್ಮತ ಇಲ್ಲ, ಅದಕ್ಕೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ಅಂದ್ರೆ ಚೌಕುಳಿ ಪೇಪರ್ ಇದ್ದಹಾಗೆ, ಒಂದೊಂದು ಮನೆಗೆ ಒಂದೊಂದು ಅಕ್ಷರ. ಇಂಗ್ಲಿಷ್‌ಗೆ ಇದು ಸರಿಹೋಗತ್ತೆ. ಈಗ "ಸ್ತ್ರೀ" ತಗೊಳ್ಳಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೈಲ್ ಒಳಗೆ ಅದು ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು ಅಂತ 6 ಕೋಡ್ ಪಾಯಿಂಟ್, ಅಂದ್ರೆ ಎಲ್ಲಾ ಲಿಪಿಗಳಿಗೂ ಇರೋ ಯೂನಿಕೋಡ್ ಸ್ಟ್ಯಾಂಡರ್ಡ್ ಒಂದೊಂದು ಗುರುತಿಗೂ ಕೊಟ್ಟಿರೋ ನಂಬರ್. ಆ ನಂಬರ್‌ಗಳನ್ನ ಫೈಲ್‌ನಲ್ಲಿ ಬೈಟ್‌ಗಳಾಗಿ ಬರೆಯೋ ಪದ್ಧತಿಗೆ ಎನ್‌ಕೋಡಿಂಗ್ ಅಂತಾರೆ, ಯುಟಿಎಫ್-8 ಅಂಥದ್ದೊಂದು. ಅದ್ರಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟ್‌ಗೂ 3 ಬೈಟ್, ಅಲ್ಲಿಗೆ 18 ಬೈಟ್. ವಿಮ್ ಎಲ್ಲಾ ಕನ್ನಡ ಸ್ವರಚಿಹ್ನೆಗಳನ್ನೂ ಹಿಂದಿನ ವ್ಯಂಜನಕ್ಕೆ ಅಂಟಿಕೊಂಡಿರೋ ಸೊನ್ನೆ ಅಗಲದ ಗುರುತು ಅಂತ ಲೆಕ್ಕ ಹಾಕೋದ್ರಿಂದ ಅದ್ರ ಪ್ರಕಾರ "ಸ್ತ್ರೀ" 3 ಮನೆ ತಗೊಳತ್ತೆ. ಬಹಳಷ್ಟು ಟರ್ಮಿನಲ್‌ಗಳು ಕೊನೆಯ ೀ ಗುರುತಿಗೂ ಒಂದು ಮನೆ ಕೊಟ್ಟು 4 ಅಂತವೆ. ಫಾಂಟ್ ಚಿತ್ರಿಸೋ ಆಕಾರ ಇದ್ಯಾವುದಕ್ಕೂ ಹೊಂದಲ್ಲ, ಅದು ಎರಡೂವರೆ ಮನೆಯಷ್ಟಿರಬಹುದು, ಎರಡಕ್ಕಿಂತ ಕಮ್ಮಿನೂ ಇರಬಹುದು. ಪ್ರತಿ ಪದಕ್ಕೂ ಒಂದೆರಡು ಮನೆ ವ್ಯತ್ಯಾಸ ಸೇರ್ತಾ ಹೋದ್ರೆ ಸಾಲಿನ ಕೊನೆಗೆ ಬರೋಷ್ಟರಲ್ಲಿ ಕರ್ಸರ್ ಎಲ್ಲೋ ಹೋಗಿರತ್ತೆ, ಅಳಿಸಿದ ಅಕ್ಷರದ ಚೂರು ಪರದೆ ಮೇಲೆ ಉಳ್ಕೊಂಡಿರತ್ತೆ.

ಫೈಲ್ ಮಾತ್ರ ಕೆಟ್ಟಿರಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಕಂಟ್ರೋಲ್ ಜೊತೆ ಎಲ್ ಒತ್ತಿದ್ರೆ ವಿಮ್ ಪರದೆಯನ್ನ ಹೊಸದಾಗಿ ಬಿಡಿಸತ್ತೆ, ಉಳಿದ ಚೂರುಗಳು ಹೋಗತ್ವೆ.

ಪ್ರ: ಈ ಅಗಲವನ್ನ ತೀರ್ಮಾನ ಮಾಡೋರು ಯಾರು? ಯೂನಿಕೋಡ್‌ನಲ್ಲಿ ಬರೆದಿಲ್ವಾ?

ಯೂನಿಕೋಡ್‌ನಲ್ಲಿ ಪೂರ್ವ ಏಷ್ಯಾ ಅಗಲ ಅನ್ನೋ ಒಂದು ಗುಣ ಇದೆ, ಯೂನಿಕೋಡ್ ಅನುಬಂಧ 11ರಲ್ಲಿ ಸಿಗತ್ತೆ. ಹಳೇ ಚೀನಿ, ಜಪಾನಿ, ಕೊರಿಯನ್ ಎನ್‌ಕೋಡಿಂಗ್‌ಗಳ ಜೊತೆ ಹೊಂದಿಸೋಕೆ ಮಾಡಿದ್ದು ಅದು. ಟರ್ಮಿನಲ್‌ಗಳು ಇದನ್ನ ಹಾಗೇ ಎತ್ತಿ ಬಳಸಬಾರದು, ತಮಗೆ ತಕ್ಕಂತೆ ಬದಲಾಯಿಸ್ಕೋಬೇಕು ಅಂತ ಆ ಅನುಬಂಧದಲ್ಲೇ ಹೇಳಿದಾರೆ. ಆ ಪಟ್ಟೀಲಿ ಕನ್ನಡಕ್ಕೆ 'ತಟಸ್ಥ' ಅಂತ ಹಾಕಿದೆ, ಅಂದ್ರೆ ನಮ್ಮ ಬಗ್ಗೆ ಅದು ಏನೂ ಹೇಳಲ್ಲ.

ಕೆಲಸಕ್ಕೆ ಬರೋದು ಡಬ್ಲ್ಯುಸಿವಿಡ್ತ್ ಅನ್ನೋ ಫಂಕ್ಷನ್. ಒಂದು ಕೋಡ್ ಪಾಯಿಂಟ್ ಕೊಟ್ರೆ 0, 1 ಅಥವಾ 2 ಅಂತ ವಾಪಸ್ ಕೊಡತ್ತೆ. ಮಾರ್ಕಸ್ ಕೂನ್ ಬರೆದ ಆವೃತ್ತಿಯನ್ನ ಎಷ್ಟೋ ಪ್ರೋಗ್ರಾಂಗಳು ನಕಲು ಮಾಡ್ಕೊಂಡಿವೆ, ಲಿನಕ್ಸ್‌ನ ಮೂಲ ಸಿ ಲೈಬ್ರರಿ ಜಿಲಿಬ್‌ಸಿಗೆ ತನ್ನದೇ ಟೇಬಲ್ ಇದೆ. ನಿಯಮ ಸರಳ: ಜಾಗ ತಗೊಳ್ಳದ ಕೂಡುಗುರುತಿಗೆ 0, ಚೀನಿ ಜಪಾನಿ ಅಕ್ಷರಕ್ಕೆ 2, ಉಳಿದದ್ದಕ್ಕೆಲ್ಲ 1. ಕನ್ನಡಕ್ಕೆ ಪೆಟ್ಟು ಬೀಳೋದು ಇಲ್ಲೇ. ನಮ್ಮ ಸ್ವರಚಿಹ್ನೆಗಳನ್ನ ಯೂನಿಕೋಡ್ ಎರಡು ಗುಂಪು ಮಾಡಿದೆ. ಿ, ೆ, ೌ, ್ ಇವು ಅಕ್ಷರದ ತಲೆ ಮೇಲೆ ಕೂರೋದ್ರಿಂದ ಜಾಗ ತಗೊಳ್ಳದ ಗುಂಪು. ಾ, ೀ, ು, ೂ, ೃ, ೇ, ೈ, ೊ, ೋ, ಂ, ಃ ಇವು ಬಲಕ್ಕೆ ಚಾಚೋದ್ರಿಂದ ಜಾಗ ತಗೊಳ್ಳೋ ಗುಂಪು. ಹಂಗಾಗಿ ಈ ಲೆಕ್ಕದಲ್ಲಿ "ಕಿ" ಒಂದು ಮನೆ, "ಕೀ" ಎರಡು ಮನೆ, "ಕೆ" ಒಂದು, "ಕು" ಎರಡು. ಒಂದೇ ಕಾಗುಣಿತದ ಸಾಲಲ್ಲಿ ಹೀಗೆ ಏರುಪೇರಾದ್ರೆ ಎಡಿಟರ್ ಬರೆಯೋನು ಏನ್ ಮಾಡ್ಬೇಕು? ವಿಮ್ ಎರಡೂ ಗುಂಪನ್ನ ಸೊನ್ನೆ ಅಂತ ತಗೊಂಡ್ತು, ಟರ್ಮಿನಲ್‌ಗಳು ತಗೊಳ್ಲಿಲ್ಲ. ಜಗಳದ ಮೂಲ ಇಷ್ಟೇ.

ನನ್ನ ಪ್ರಕಾರ ತಪ್ಪಿರೋದು ಟೇಬಲ್‌ನಲ್ಲಿ ಅಲ್ಲ, ಒಂದೊಂದೇ ಕೋಡ್ ಪಾಯಿಂಟ್ ಹಿಡಿದು ಅಗಲ ಕೇಳೋ ಪದ್ಧತಿಯಲ್ಲೇ. ಕನ್ನಡದಲ್ಲಿ ಅಗಲ ಬರೋದು ಇಡೀ ಅಕ್ಷರಕ್ಕೆ, ಅದೂ ಫಾಂಟ್ ಜೋಡಿಸಿದ ಮೇಲೆ.

ಪ್ರ: ವಿಮ್‌ನಲ್ಲಿ ಸೆಟ್‌ಸೆಲ್‌ವಿಡ್ತ್ಸ್ ಅಂತ ಫಂಕ್ಷನ್ ಇದೆಯಲ್ಲ, ಅದ್ರಿಂದ ಸರಿ ಮಾಡ್ಬಹುದಾ?

ಆಗಲ್ಲ. ಅದ್ರಲ್ಲಿ ಕೊಡೋಕೆ ಆಗೋದು 1 ಅಥವಾ 2 ಮಾತ್ರ, ಮಾಡಿರೋದು ಚಿಹ್ನೆಗಳು, ಐಕಾನ್ ಫಾಂಟ್‌ಗಳಂಥವಕ್ಕೆ.

ಪ್ರ: ಚೀನಿ, ಜಪಾನಿ ಟೆಕ್ಸ್ಟ್ ಅದೇ ಟರ್ಮಿನಲ್‌ನಲ್ಲಿ ನೀಟಾಗಿ ಕೂರತ್ತಲ್ಲ?

ಹೌದು, ಅವ್ರ ಅಕ್ಷರಗಳು ಮೊದಲಿಂದ್ಲೂ ಚೌಕಾಕಾರ. ಒಂದು ಅಕ್ಷರಕ್ಕೆ ಸರಿಯಾಗಿ 2 ಮನೆ ಅಂತ ಎಲ್ಲರೂ ಒಪ್ಕೊಂಡಿದಾರೆ. ಅವ್ರಿಗೆ ತೊಂದ್ರೆ ಕೊಡೋದು ಬೇರೆ, 'ಅನಿಶ್ಚಿತ' ಅಗಲದ ಗುಂಪು. ಗ್ರೀಕ್, ಸಿರಿಲಿಕ್ ಅಕ್ಷರಗಳು, ಟೇಬಲ್ ಎಳೆಯೋ ಗೆರೆಗಳು, ವೃತ್ತದೊಳಗಿನ ಅಂಕಿಗಳು, ಯೂರೋ ಚಿಹ್ನೆ ಇವೆಲ್ಲ ಹಳೇ ಜಪಾನಿ ಸಿಸ್ಟಂಗಳಲ್ಲಿ 2 ಮನೆ, ಉಳಿದ ಕಡೆ 1 ಮನೆ. ಅದಕ್ಕೇ ವಿಮ್‌ನಲ್ಲಿ ಆಂಬಿವಿಡ್ತ್ ಅಂತ ಆಪ್ಶನ್ ಇರೋದು, ಸಿಂಗಲ್ ಅಥವಾ ಡಬಲ್. ನೀವು ಕನ್ನಡ ಮತ್ತೆ ಇಂಗ್ಲಿಷ್ ಮಾತ್ರ ಬರೆಯೋದಾದ್ರೆ ಸಿಂಗಲ್ ಬಿಟ್ಟು ಬೇರೆ ಮುಟ್ಟಬೇಡಿ, ಯಾರೋ ಕೊಟ್ಟ ಸೆಟ್ಟಿಂಗ್ ಫೈಲ್ ನಕಲು ಮಾಡಿ ಡಬಲ್ ಆಗಿದ್ರೆ ಪ್ಲಗಿನ್‌ಗಳ ಗೆರೆಗಳೆಲ್ಲ ಒಡೆದುಹೋಗತ್ವೆ. ನಮ್ಮ ರೂಪಾಯಿ ಚಿಹ್ನೆ ₹ 2010ರಲ್ಲಿ ಯೂನಿಕೋಡ್ 6.0ಗೆ ಸೇರಿದ್ದು, ಅದು ಈ ಗುಂಪಲ್ಲಿ ಇಲ್ಲ, ಹಂಗಾಗಿ ಯೂರೋಗೆ ಇರೋ ಗೊಂದಲ ಅದಕ್ಕಿಲ್ಲ.

ಪ್ರ: ಇಮೋಜಿ ಹಾಕಿದ್ರೆ ಸಾಲು ಜರುಗತ್ತೆ.

2016ರ ಯೂನಿಕೋಡ್ 9ರಿಂದ ಇಮೋಜಿಗೆ 2 ಮನೆ ಅಂತ ಆಯ್ತು. ಅದಕ್ಕಿಂತ ಹಳೇ ಟೇಬಲ್ ಇಟ್ಕೊಂಡಿರೋ ಪ್ರೋಗ್ರಾಂ 1 ಅಂತ ಲೆಕ್ಕ ಹಾಕತ್ತೆ. ಇನ್ನು ಕುಟುಂಬದ ಇಮೋಜಿ ಅಂದ್ರೆ ಮೂರ್ನಾಲ್ಕು ಇಮೋಜಿಗಳನ್ನ ಕಾಣದ ಜೋಡಕದಿಂದ ಹೊಲಿದಿರೋದು, ಬಾವುಟ ಅಂದ್ರೆ ಎರಡು ವಿಶೇಷ ಅಕ್ಷರ ಸೇರಿರೋದು. ಬಿಡಿಬಿಡಿಯಾಗಿ ಅಗಲ ಕೂಡಿಸಿದ್ರೆ ತಪ್ಪೇ ಬರೋದು. ಒಂದು ಒಳ್ಳೇದಾಗಿದೆ: ಇಮೋಜಿ ಕಾಟ ಇಂಗ್ಲಿಷ್ ಬಳಸೋರಿಗೂ ತಟ್ಟಿದ್ದರಿಂದ ಟರ್ಮಿನಲ್ ಬರೆಯೋರು ಇಡೀ ಗುಚ್ಛದ (ಒಟ್ಟಾಗಿ ಒಂದೇ ಅಕ್ಷರದ ಹಾಗೆ ಕಾಣೋ ಕೋಡ್ ಪಾಯಿಂಟ್‌ಗಳ) ಅಗಲದ ಬಗ್ಗೆ ಯೋಚಿಸೋಕೆ ಶುರು ಮಾಡಿದ್ರು, ನಮ್ಮ ಭಾಷೆಗಳಿಗೆ ಬೇಕಾಗಿದ್ದೂ ಅದೇ.

ಪ್ರ: ಫೈಲ್ ತೆಗೆದ್ರೆ ಕನ್ನಡ ಬದಲು ಏನೇನೋ ಕಾಣತ್ತೆ. ಹೋಯ್ತು ಅಂತಾನಾ?

ಏನು ಕಾಣತ್ತೆ ಅನ್ನೋದ್ರ ಮೇಲೆ ಹೇಳ್ಬಹುದು, ದಯವಿಟ್ಟು ಅದಕ್ಕೂ ಮುಂಚೆ ಸೇವ್ ಮಾತ್ರ ಮಾಡ್ಬೇಡಿ.

ಖಾಲಿ ಚೌಕಗಳು ಕಂಡ್ರೆ ಫಾಂಟ್ ಇಲ್ಲ ಅಂತ ಅರ್ಥ, ಅಕ್ಷರ ಸುರಕ್ಷಿತ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡ್ರೆ ಮತ್ತೆ ಅದು ಫೈಲ್ ಒಳಗೂ ಹಾಗೇ ಇದ್ರೆ ಆ ಟೆಕ್ಸ್ಟ್ ಹೋಯ್ತು, ವಾಪಸ್ ಬರಲ್ಲ, ಬ್ಯಾಕಪ್ ಹುಡುಕಿ. ಚುಕ್ಕೆಗಳ ವೃತ್ತದ ಮೇಲೆ ಗುಣಿತದ ಗುರುತು ಕೂತಿದ್ರೆ ಅಕ್ಷರಗಳ ಅನುಕ್ರಮ ತಪ್ಪಿದೆ, ಗುರುತು ಮೊದಲು ವ್ಯಂಜನ ಆಮೇಲೆ ಬಂದಿರತ್ತೆ.

ತಲೆ ಮೇಲೆ ಓರೆಗೆರೆ ಇರೋ ಸಣ್ಣ ರೋಮನ್ ಎ ಅಕ್ಷರ, ಅದ್ರ ಪಕ್ಕ ಮೇಲಕ್ಕೆತ್ತಿ ಬರೆದ ಪುಟ್ಟ 2 ಅಥವಾ 3, ಹೀಗೇ ಮತ್ತೆ ಮತ್ತೆ ಬರ್ತಿದ್ರೆ ಖುಷಿಪಡಿ, ಅದು ಅಪ್ಪಟ ಯುಟಿಎಫ್-8 ಕನ್ನಡ. ಕನ್ನಡದ ಎಲ್ಲಾ ಅಕ್ಷರಗಳ ಮೊದಲ ಬೈಟ್ ಒಂದೇ, ಅದನ್ನ ವಿಂಡೋಸ್ 1252 (ಪಶ್ಚಿಮ ಯೂರೋಪಿನ ಭಾಷೆಗಳ ಹಳೇ ಎನ್‌ಕೋಡಿಂಗ್) ಅಂತ ಓದಿದ್ರೆ ಆ ರೋಮನ್ ಎ ಬರತ್ತೆ. ಎರಡನೇ ಬೈಟ್ ಎರಡೇ ಥರ: ಸ್ವರ, ವ್ಯಂಜನ, ಾ, ಿ ಇವಕ್ಕೆ ಪುಟ್ಟ 2, ೀ ಇಂದ ಮುಂದಿನ ಚಿಹ್ನೆಗಳು, ಹಲಂತ, ಕನ್ನಡ ಅಂಕಿ ಇವಕ್ಕೆ ಪುಟ್ಟ 3. ವಿಎಸ್ ಕೋಡ್‌ನಲ್ಲಿ ಕೆಳಗೆ ಬಲಕ್ಕೆ ಎನ್‌ಕೋಡಿಂಗ್ ಹೆಸರಿರತ್ತೆ, ಅದ್ರ ಮೇಲೆ ಕ್ಲಿಕ್ ಮಾಡಿ ರೀಓಪನ್ ವಿತ್ ಎನ್‌ಕೋಡಿಂಗ್ ತಗೊಂಡು ಯುಟಿಎಫ್-8 ಆರಿಸಿ. ಅದೇ ಜಾಗದಲ್ಲಿ ಸೇವ್ ವಿತ್ ಎನ್‌ಕೋಡಿಂಗ್ ಕೂಡ ಇರತ್ತೆ, ಅದನ್ನ ಒತ್ತಿದ್ರೆ ಕೆಟ್ಟು ಕಾಣ್ತಿರೋದೇ ನಿಜವಾಗಿ ಫೈಲ್‌ಗೆ ಹೋಗತ್ತೆ. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್ ಎಕ್ಸ್, ರಿಟರ್ನ್, ಆರ್.

ಆ ಥರ ಕೆಟ್ಟ ರೂಪದಲ್ಲೇ ಯಾರೋ ಸೇವ್ ಮಾಡಿ ಕಳಿಸಿದ್ರೂ ವಾಪಸ್ ತರೋ ದಾರಿ ಇದೆ: ಅದನ್ನ 1252ಕ್ಕೆ ಬರೆದು ಬೈಟ್‌ಗಳನ್ನ ಯುಟಿಎಫ್-8 ಅಂತ ಓದಬೇಕು. ಆದ್ರೆ 1252ರಲ್ಲಿ 5 ಬೈಟ್‌ಗಳಿಗೆ ಅಕ್ಷರಾನೇ ಇಟ್ಟಿಲ್ಲ, ಕನ್ನಡದಲ್ಲಿ ಆ ಬೈಟ್‌ಗಳ ಪಾಲಿಗೆ ಬೀಳೋದು ್, ು, ಏ, ಐ, ಝ. ಹಲಂತ ಮತ್ತೆ ಉಕಾರ ಇಲ್ಲದ ಕನ್ನಡ ಸಾಲು ಎಲ್ಲಿದೆ ಹೇಳಿ. ಆ ಬೈಟ್‌ಗಳನ್ನ ಮಧ್ಯದಲ್ಲಿ ಯಾವುದಾದ್ರೂ ಪ್ರೋಗ್ರಾಂ ಎಸೆದಿದ್ರೆ ಒತ್ತಕ್ಷರ, ಉಕಾರ ಎಲ್ಲ ಕೈಯಿಂದಾನೇ ತುಂಬ್ಬೇಕಾಗತ್ತೆ. ಪೈಥಾನ್‌ನಲ್ಲಿ ಕಟ್ಟುನಿಟ್ಟಾಗಿ ಮಾಡಿದ್ರೆ ಇದೇ ಜಾಗದಲ್ಲಿ ಎರರ್ ಬರೋದು.

ಪ್ರ: ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಅಂತ ಸೇವ್ ಮಾಡಿದೆ, ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಯ್ತು.

ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್ ಪೇಜ್ (ಯೂನಿಕೋಡ್ ಅಲ್ಲದ ಹಳೇ ಅಕ್ಷರಪಟ್ಟಿ) ಯಾವತ್ತೂ ಇರ್ಲಿಲ್ಲ, ಹೋದ ಅಕ್ಷರ ಹೋದ ಹಾಗೇ. ವಿಂಡೋಸ್ 10ರ 1903 ಆವೃತ್ತಿಯಿಂದ, ಅಂದ್ರೆ 2019ರಿಂದ, ನೋಟ್‌ಪ್ಯಾಡ್ ತಾನಾಗೇ ಯುಟಿಎಫ್-8ರಲ್ಲಿ ಸೇವ್ ಮಾಡತ್ತೆ. ಹಳೇ ಮೆಷಿನ್ ಇದ್ರೆ ಸೇವ್ ಮಾಡೋ ಕಿಟಕಿಯಲ್ಲಿ ಪ್ರತಿ ಸಲ ನೋಡಿ.

ಪ್ರ: ಎಡಿಟರ್‌ನಲ್ಲಿ ಚೆನ್ನಾಗಿರೋ ಸಿಎಸ್‌ವಿ ಫೈಲ್ ಎಕ್ಸೆಲ್‌ನಲ್ಲಿ ತೆಗೆದ್ರೆ ಕೆಟ್ಟಿರತ್ತೆ.

ಡಬಲ್ ಕ್ಲಿಕ್ ಮಾಡಿ ತೆಗೆಯೋ ಬದಲು ಡೇಟಾ ಮೆನುವಿಂದ ಇಂಪೋರ್ಟ್ ಮಾಡ್ಕೊಂಡು ಯುಟಿಎಫ್-8 ಆರಿಸಿ, ಇಲ್ಲಾಂದ್ರೆ ಫೈಲನ್ನ ಬಾಮ್ ಸಮೇತ ಸೇವ್ ಮಾಡಿ. ಬಾಮ್ ಅಂದ್ರೆ ಫೈಲ್ ತಲೆಯಲ್ಲಿ ಕೂರೋ 3 ಬೈಟ್ ಗುರುತು, ವಿಮ್‌ನಲ್ಲಿ ಸೆಟ್ ಬಾಂಬ್ (bomb, ಕೊನೆಗೆ ಬಿ ಇದೆ) ಅಂದ್ರೆ ಸಾಕು. ಆದ್ರೆ ಶೆಲ್ ಸ್ಕ್ರಿಪ್ಟ್‌ಗೆ ಬಾಮ್ ಹಾಕ್ಬೇಡಿ, ಮೊದಲ ಸಾಲು ಓಡಲ್ಲ.

ಪ್ರ: ಹಳೇ ನುಡಿ, ಬರಹ ಫೈಲ್‌ಗಳು ತೆಗೆದ್ರೆ ರೋಮನ್ ಅಕ್ಷರಗಳು, ಅವುಗಳ ತಲೆ ಮೇಲೆ ಗೆರೆ ಚುಕ್ಕಿ. ಯಾವ ಎನ್‌ಕೋಡಿಂಗ್ ಆರಿಸ್ಬೇಕು?

ಯಾವುದೂ ಅಲ್ಲ. ಆ ಫೈಲ್ ಒಳಗೆ ಕನ್ನಡ ಅಕ್ಷರಗಳೇ ಇಲ್ಲ, ಕನ್ನಡದ ಆಕಾರದ ತುಂಡುಗಳನ್ನ ರೋಮನ್ ಅಕ್ಷರಗಳ ಜಾಗದಲ್ಲಿಟ್ಟ ಫಾಂಟ್‌ಗೆ ಬರೆದದ್ದು ಅದು. ಫಾಂಟ್ ತೆಗೆದ್ರೆ ಕನ್ನಡ ಹೋಯ್ತು. ಯೂನಿಕೋಡ್‌ಗೂ ಮುಂಚೆ ಐಸ್ಕಿ ಅನ್ನೋ ಭಾರತೀಯ ಸ್ಟ್ಯಾಂಡರ್ಡ್ ಇತ್ತು, 1991ರದ್ದು, ಆದ್ರೆ ಡಿಟಿಪಿ ಸೆಂಟರ್‌ಗಳಲ್ಲಿ ಬಳಕೆಗೆ ಬಂದದ್ದು ಈ ಫಾಂಟ್ ಪದ್ಧತಿ. ಪೇಜ್‌ಮೇಕರ್ ಕಾಲದಲ್ಲಿ ಟೈಪ್ ಮಾಡಿಟ್ಟ ಎಷ್ಟೋ ಪುಸ್ತಕ ಇನ್ನೂ ಹಾಗೇ ಇದಾವೆ, ಅವನ್ನ ಯೂನಿಕೋಡ್‌ಗೆ ತರೋದು ನಿಜಕ್ಕೂ ಆಗಬೇಕಾದ ಕೆಲಸ.

ಐಕಾನ್‌ವ್ ಥರದ ಎನ್‌ಕೋಡಿಂಗ್ ಬದಲಿಸೋ ಟೂಲ್‌ಗಳಿಂದ ಆಗಲ್ಲ, ಕನ್ನಡಕ್ಕಂತಾನೇ ಬರೆದ ಕನ್ವರ್ಟರ್ ಬೇಕು, ನುಡಿ ಮತ್ತೆ ಬರಹದ ಜೊತೆಗೇ ಬರತ್ತೆ. ಕನ್ವರ್ಟ್ ಆದ್ಮೇಲೆ ಎರಡು ಜಾಗ ಕಣ್ಣಿಟ್ಟು ನೋಡಿ. ಒಂದು, ಅರ್ಕಾವತ್ತು. ಹಳೇ ಪದ್ಧತೀಲಿ ಅದು ಕಣ್ಣಿಗೆ ಕಾಣೋ ಹಾಗೆ ಅಕ್ಷರದ ನಂತರ ಇರತ್ತೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ, ಅಂದ್ರೆ "ಕರ್ಮ"ದಲ್ಲಿ ರ ಮತ್ತು ಹಲಂತ ಮೊದಲು, ಮ ಆಮೇಲೆ. ಇನ್ನೊಂದು, ಮಧ್ಯ ಮಧ್ಯ ಇದ್ದ ಇಂಗ್ಲಿಷ್ ಪದಗಳು. ಕನ್ವರ್ಟರ್‌ಗೆ ಅವು ಇಂಗ್ಲಿಷ್ ಅಂತ ಗೊತ್ತಾಗದೆ ಅರ್ಥವಿಲ್ಲದ ಕನ್ನಡ ಮಾಡಿಟ್ಟಿರತ್ತೆ.

ಪ್ರ: ಕಣ್ಣೆದುರಿಗೇ ಪದ ಇದೆ, ಫೈಂಡ್ ಮಾಡಿದ್ರೆ ಸಿಗಲ್ಲ!

ಇದಕ್ಕೆ ನಾನು ಮೊದಲು ನೋಡೋದು ಅನುಸ್ವಾರ. "ಬೆಂಗಳೂರು" ಮತ್ತು "ಬೆ೦ಗಳೂರು" ಎರಡನ್ನೂ ಒಂದ್ಸಲ ದಿಟ್ಟಿಸಿ ನೋಡಿ. ಎರಡನೇದ್ರಲ್ಲಿ ಇರೋದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ ಅಂಕಿ. ಬಹಳ ಫಾಂಟ್‌ಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ, ಆದ್ರೆ ಸರ್ಚ್ ಸಿಗಲ್ಲ, ಸ್ಪೆಲ್‌ಚೆಕ್ ಕೆಂಪು ಗೆರೆ ಹಾಕತ್ತೆ, ಓದಿ ಹೇಳೋ ತಂತ್ರಾಂಶ ನಂಬಿಕೊಂಡಿರೋ ಅಂಧರಿಗೆ ಆ ಪದ ಕೆಟ್ಟು ಕೇಳಿಸತ್ತೆ. ಈ ಒಂದು ತಪ್ಪು ಕಂಡಲ್ಲೆಲ್ಲ ತಿದ್ದಿ ಅಂತ ಕೇಳ್ಕೊಳ್ತೀನಿ. ಕನ್ನಡ ಅಕ್ಷರ ಅಥವಾ ಗುಣಿತದ ಗುರುತು ಆದ ತಕ್ಷಣ ಬರೋ ಸೊನ್ನೆಯನ್ನ ಅನುಸ್ವಾರಕ್ಕೆ ಬದಲಿಸೋ ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕೋ ಪ್ಯಾಟರ್ನ್) ಒಂದು ಸಾಲಿಂದು.

ಎರಡನೇದು, ಒಂದೇ ಗುಣಿತಕ್ಕೆ ಎರಡು ಬರವಣಿಗೆ. ೀ ಅನ್ನೋದನ್ನ ಒಂದೇ ಕೋಡ್ ಪಾಯಿಂಟ್ ಆಗಿ ಇಡಬಹುದು, ಿ ಆದ್ಮೇಲೆ ೕ ಅಂತ ಎರಡಾಗಿಯೂ ಇಡಬಹುದು. ೇ, ೈ, ೊ, ೋ ಇವಕ್ಕೂ ಹೀಗೇ. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಬೈಟ್ ಹೋಲಿಸೋ ಸರ್ಚ್‌ಗೆ ಬೇರೆ ಬೇರೆ. ಪರಿಹಾರ ಎನ್ಎಫ್‌ಸಿ ನಾರ್ಮಲೈಸೇಶನ್, ಅಂದ್ರೆ ಎರಡೂ ಬರವಣಿಗೆಯನ್ನ ಒಂದೇ ರೂಪಕ್ಕೆ ತರೋದು, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಸಿಗತ್ತೆ, ಫೈಲ್ ಪೂರ್ತಿ ಒಂದ್ಸಲ ಹಾಯಿಸಿಬಿಡಿ.

ಮೂರನೇದು ಕಾಣದ ಜೋಡಕಗಳು, ಅದು ಮುಂದಿನ ಪ್ರಶ್ನೆ.

ವಿಮ್‌ನಲ್ಲಿ ಅನುಮಾನ ಬಂದ ಅಕ್ಷರದ ಮೇಲೆ ಕರ್ಸರ್ ಇಟ್ಟು ನಾರ್ಮಲ್ ಮೋಡ್‌ನಲ್ಲಿ ಜಿ, ಎ ಒತ್ತಿದ್ರೆ ಕೋಡ್‌ಗಳು ಕಾಣತ್ವೆ, ಜಿ, 8 ಒತ್ತಿದ್ರೆ ಬೈಟ್‌ಗಳು. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್ ಯು, ಕಂಟ್ರೋಲ್ ಎಕ್ಸ್, ಸಮ ಚಿಹ್ನೆ ಒತ್ತಿದ್ರೆ ಯೂನಿಕೋಡ್ ಹೆಸರು, ಫಾಂಟ್ ಎಲ್ಲಾ ಹೇಳತ್ತೆ.

ಪ್ರ: ಜಡ್‌ಡಬ್ಲ್ಯುಎನ್‌ಜೆ, ಜಡ್‌ಡಬ್ಲ್ಯುಜೆ ಅಂದ್ರೇನು? ಕಸ ಅಂತ ಅಳಿಸಿಬಿಡ್ಲಾ?

ಬೇಡ, ದಯವಿಟ್ಟು ಬೇಡ. ಎರಡೂ ಕಣ್ಣಿಗೆ ಕಾಣದ, ಅಗಲ ಇಲ್ಲದ ಕೋಡ್ ಪಾಯಿಂಟ್‌ಗಳು, ಆದ್ರೆ ಕನ್ನಡದಲ್ಲಿ ಎರಡಕ್ಕೂ ಕೆಲಸ ಇದೆ. ಜಡ್‌ಡಬ್ಲ್ಯುಎನ್‌ಜೆ ಹಲಂತ ಆದ್ಮೇಲೆ ಬಂದು ಒತ್ತಕ್ಷರ ಆಗದಂತೆ ತಡೆಯತ್ತೆ. ಅದು ಇದ್ರೆ "ಸಾಫ್ಟ್‌ವೇರ್", ಇಲ್ದಿದ್ರೆ "ಸಾಫ್ಟ್ವೇರ್". "ರಾಜ್‌ಕುಮಾರ್" ಅನ್ನೋ ಹೆಸರು "ರಾಜ್ಕುಮಾರ್" ಆಗತ್ತೆ. ಜಡ್‌ಡಬ್ಲ್ಯುಜೆ ಕೆಲಸ ರಕಾರದ ಹತ್ರ. ರ, ಹಲಂತ, ಯ ಬರೆದ್ರೆ ಅರ್ಕಾವತ್ತು ಬಂದು "ರ್ಯಾಂಕ್" ಆಗತ್ತೆ. ರ ಮತ್ತು ಹಲಂತದ ಮಧ್ಯ ಜಡ್‌ಡಬ್ಲ್ಯುಜೆ ಇಟ್ರೆ ರ ಪೂರ್ತಿ ನಿಂತು ಯ ಒತ್ತಾಗಿ "ರ‍್ಯಾಂಕ್" ಆಗತ್ತೆ.

ಸ್ಪೇಸ್ ಕ್ಲೀನ್ ಮಾಡೋ ಪ್ಲಗಿನ್‌ಗಳು, ಕಾಣದ ಅಕ್ಷರ ತೆಗೆಯೋ ಸ್ಕ್ರಿಪ್ಟ್‌ಗಳು ಇವನ್ನ ಕಸ ಅಂತ ಬಾಚಿಬಿಡತ್ವೆ, ಕನ್ನಡ ಫೈಲ್‌ಗಳಿಗೆ ಅವನ್ನ ಆಫ್ ಮಾಡಿಡಿ. ವಿಮ್ ಟರ್ಮಿನಲ್‌ನಲ್ಲಿ ಜಡ್‌ಡಬ್ಲ್ಯುಎನ್‌ಜೆ ಇರೋ ಜಾಗದಲ್ಲಿ ಚೂಪು ಆವರಣದೊಳಗೆ 200 ಅಂತ ಶುರುವಾಗೋ ಕೋಡ್ ತೋರಿಸತ್ತೆ, ನೋಡೋಕೆ ಚೆನ್ನಾಗಿಲ್ಲ ನಿಜ, ಆದ್ರೆ ಎಲ್ಲಿದೆ ಅಂತ ಗೊತ್ತಾಗತ್ತೆ. ಸರ್ಚ್ ಮಾಡುವಾಗ ಮಾತ್ರ ಪ್ಯಾಟರ್ನ್‌ನಲ್ಲಿ "ಇದ್ರೂ ಸರಿ ಇಲ್ದಿದ್ರೂ ಸರಿ" ಅನ್ನೋ ಹಾಗೆ ಬರೀರಿ.

ಪ್ರ: "ನಮಸ್ಕಾರ"ದಲ್ಲಿ ಎಷ್ಟು ಅಕ್ಷರ? ಎಡಿಟರ್ ಒಂದು ಹೇಳತ್ತೆ, ಪೈಥಾನ್ ಇನ್ನೊಂದು ಹೇಳತ್ತೆ.

ನಾವು ಎಣಿಸಿದ್ರೆ ನ, ಮ, ಸ್ಕಾ, ರ – 4. ಪೈಥಾನ್‌ನ ಲೆನ್ 7 ಅನ್ನತ್ತೆ, ಅದು ಕೋಡ್ ಪಾಯಿಂಟ್ ಎಣಿಸೋದು. ಡಬ್ಲ್ಯುಸಿ ಕಮಾಂಡ್ ಬೈಟ್ ಎಣಿಸಿ 21 ಅನ್ನತ್ತೆ. ಯೂನಿಕೋಡ್‌ನ ಗ್ರಾಫೀಮ್ ಗುಚ್ಛದ ನಿಯಮ ಹಾಕಿದ್ರೆ ನ, ಮ, ಸ್, ಕಾ, ರ ಅಂತ 5. ಕೊನೆಯದ್ರ ಬಗ್ಗೆ ಒಂದು ಮಾತು ಹೇಳ್ಲೇಬೇಕು. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತೀಲಿ ಒತ್ತಕ್ಷರವನ್ನ ಮಧ್ಯದಲ್ಲಿ ಒಡೀಬಾರದು ಅನ್ನೋ ಹೊಸ ನಿಯಮ ಸೇರಿಸಿದ್ರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯ ಆಯ್ತು, ಕನ್ನಡ ಆ ಪಟ್ಟೀಲಿ ಬರ್ಲಿಲ್ಲ. ಒತ್ತಕ್ಷರದ ವಿಚಾರದಲ್ಲಿ ನಮಗೂ ತೆಲುಗಿಗೂ ಅಂಥಾ ವ್ಯತ್ಯಾಸ ಇಲ್ಲ. ಇಂಥ ಪಟ್ಟಿಗಳು ತಯಾರಾಗುವಾಗ ಕನ್ನಡ ಬಲ್ಲ ಪ್ರೋಗ್ರಾಮರ್‌ಗಳು ಗಮನ ಕೊಟ್ಟು ಅಭಿಪ್ರಾಯ ಕಳಿಸ್ಬೇಕು, ಯೂನಿಕೋಡ್ ಸಾರ್ವಜನಿಕರ ಅಭಿಪ್ರಾಯ ತಗೊಳತ್ತೆ.

ಪ್ರ: ಬ್ಯಾಕ್‌ಸ್ಪೇಸ್ ಒತ್ತಿದ್ರೆ ಗುಣಿತ ಮಾತ್ರ ಹೋಗತ್ತೆ, ಡಿಲೀಟ್ ಒತ್ತಿದ್ರೆ ಇಡೀ ಅಕ್ಷರ ಹೋಗತ್ತೆ. ಬಗ್ಗಾ?

ಅಲ್ಲ, ಬೇಕಂತಾನೇ ಹಾಗಿಟ್ಟಿರೋದು. "ಕಿ" ಬರೆದು "ಕೀ" ಬೇಕು ಅಂದ್ರೆ ಗುಣಿತ ಮಾತ್ರ ಅಳಿಸೋಕೆ ಆಗ್ಬೇಕಲ್ಲ. ಈಮ್ಯಾಕ್ಸ್‌ನಲ್ಲೂ ಹೀಗೇ, ವಿಮ್‌ನಲ್ಲಿ ಡೆಲ್‌ಕಂಬೈನ್ ಆಪ್ಶನ್ ಆನ್ ಮಾಡಿದ್ರೆ ಎಕ್ಸ್ ಒತ್ತಿದಾಗ ಗುಣಿತ ಬೇರೆಯಾಗಿ ಅಳಿಯತ್ತೆ.

ಪ್ರ: ವಿಎಸ್ ಕೋಡ್‌ನಲ್ಲಿ ಕನ್ನಡ ಚೆನ್ನಾಗೇ ಕಾಣತ್ತೆ, ಆದ್ರೆ ಉದ್ದ ಸಾಲು ಮಡಿಸುವಾಗ ಎಲ್ಲೆಲ್ಲೋ ಮಡಿಸತ್ತೆ.

ಅದು ಬ್ರೌಸರ್ ಎಂಜಿನ್ ಮೇಲೆ ನಿಂತಿರೋದ್ರಿಂದ ಅಕ್ಷರ ಜೋಡಣೆ ಸರಿ ಇರತ್ತೆ. ಆದ್ರೆ ಸಾಲು ಎಲ್ಲಿ ಮಡಿಸ್ಬೇಕು ಅನ್ನೋದನ್ನ ಎಲ್ಲಾ ಅಕ್ಷರನೂ ಒಂದೇ ಅಗಲ ಅಂದ್ಕೊಂಡು ತಾನೇ ಲೆಕ್ಕ ಹಾಕತ್ತೆ, ವೇಗಕ್ಕೋಸ್ಕರ. ಸೆಟ್ಟಿಂಗ್‌ನಲ್ಲಿ ರ‍್ಯಾಪಿಂಗ್ ಸ್ಟ್ರಾಟಜಿ ಅಂತ ಹುಡುಕಿ, ಸಿಂಪಲ್ ಇರತ್ತೆ, ಅಡ್ವಾನ್ಸ್ಡ್ ಮಾಡಿ. ಆಗ ಬ್ರೌಸರನ್ನೇ ಕೇಳಿ ಮಡಿಸತ್ತೆ, ತುಂಬಾ ದೊಡ್ಡ ಫೈಲ್‌ನಲ್ಲಿ ಸ್ವಲ್ಪ ನಿಧಾನ ಆಗಬಹುದು. ಕನ್ನಡ ಲೇಖನ ಬರೆಯೋರಿಗೆ ಈ ಒಂದು ಸೆಟ್ಟಿಂಗ್ ಸಾಕು, ಎಡಿಟರ್ ಬದಲಾದ ಹಾಗೇ ಅನ್ಸತ್ತೆ.

ಪ್ರ: ಈಮ್ಯಾಕ್ಸ್ ಹೇಗೆ?

ಕನ್ನಡಕ್ಕೆ ನಾನು ಮೊದಲು ಹೇಳೋ ಹೆಸರು ಅದೇ, ಆದ್ರೆ ಗ್ರಾಫಿಕ್ಸ್ ಕಿಟಕಿಯಲ್ಲಿ ಓಡಿಸ್ಬೇಕು, ಟರ್ಮಿನಲ್ ಒಳಗಲ್ಲ. 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಅನ್ನೋ ಅಕ್ಷರ ಜೋಡಿಸೋ ಲೈಬ್ರರಿ ಬಳಸತ್ತೆ, ಮನೆಗಳ ಲೆಕ್ಕ ಬಿಟ್ಟು ಪಿಕ್ಸೆಲ್ ಲೆಕ್ಕದಲ್ಲಿ ಬಿಡಿಸತ್ತೆ, ಹಂಗಾಗಿ ಕರ್ಸರ್ ಜಾರೋ ಪ್ರಶ್ನೇನೇ ಇಲ್ಲ. ಬೇರೆ ಕೀಬೋರ್ಡ್ ತಂತ್ರಾಂಶ ಇಲ್ದಿದ್ರೂ ಕನ್ನಡ-ಐಟ್ರಾನ್ಸ್ ಇನ್‌ಪುಟ್ ಮೆಥಡ್ ಒಳಗೇ ಇದೆ. ಕೆ.ಪಿ. ರಾವ್ ವಿನ್ಯಾಸದ ಕೀಬೋರ್ಡ್ ಅಭ್ಯಾಸ ಇರೋರು ಸಿಸ್ಟಂನ ಲೇಔಟನ್ನೇ ಬಳಸಿ. ಅಕ್ಷರ ಒಳಗೆ ಹೇಗೆ ಬರೆದಿದೆ ಅಂತ ಬಿಡಿಬಿಡಿಯಾಗಿ ನೋಡ್ಬೇಕಾದ್ರೆ ಆಟೋ ಕಾಂಪೊಸಿಶನ್ ಮೋಡ್ ಆಫ್ ಮಾಡಿ ನೋಡಿ, ಹಲಂತಗಳೆಲ್ಲ ಬಿಚ್ಚಿಕೊಂಡು ನಿಲ್ಲತ್ವೆ.

ಪ್ರ: ಟರ್ಮಿನಲ್ ಬಿಟ್ಟು ಬರೋಕೆ ಆಗಲ್ಲ, ಸರ್ವರ್ ಕೆಲಸ. ಯಾವ ಟರ್ಮಿನಲ್ ತಗೊಳ್ಲಿ?

ಅಲಕ್ರಿಟಿ ಬೇಡ, ಅದ್ರಲ್ಲಿ ಅಕ್ಷರ ಜೋಡಣೆಯೇ ಇಲ್ಲ, ಒತ್ತಕ್ಷರ ಎಲ್ಲ ಹಲಂತ ಹಾಕಿ ಬಿಡಿಸಿ ತೋರಿಸತ್ತೆ. ಕಿಟ್ಟಿ, ವೆಜ್‌ಟರ್ಮ್ ಎರಡೂ ಹಾರ್ಫ್‌ಬಜ್ ಬಳಸತ್ವೆ, ಓದೋಕೆ ಪರವಾಗಿಲ್ಲ, ಆದ್ರೂ ಚೌಕುಳಿ ಮನೆಯೊಳಗೇ ತುರುಕ್ಬೇಕಾದ್ರಿಂದ ಅಗಲದ ಅಕ್ಷರಗಳು ಇಕ್ಕಟ್ಟಾಗತ್ವೆ. ಎಂಎಲ್‌ಟರ್ಮ್ ಅನ್ನೋ ಹಳೇ ಟರ್ಮಿನಲ್ ಮೊದಲಿಂದ್ಲೂ ಭಾರತೀಯ ಲಿಪಿಗಳ ಬಗ್ಗೆ ಕಾಳಜಿ ಮಾಡಿದೆ. ನನ್ನ ಸಲಹೆ ಏನಂದ್ರೆ ಸರ್ವರ್ ಮೇಲಿರೋ ಕನ್ನಡ ಫೈಲನ್ನ ಈಮ್ಯಾಕ್ಸ್‌ನ ಟ್ರ್ಯಾಂಪ್ ಅಥವಾ ವಿಎಸ್ ಕೋಡ್‌ನ ರಿಮೋಟ್ ಮೂಲಕ ನಿಮ್ಮ ಮೆಷಿನ್‌ನ ಎಡಿಟರ್‌ನಲ್ಲಿ ತೆಗೀರಿ, ಟರ್ಮಿನಲ್ ಜೊತೆ ಗುದ್ದಾಡ್ಬೇಡಿ.

ಪ್ರ: ಕನ್ನಡ ಸಾಲಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗತ್ತೆ. ಫಾಂಟ್ ಯಾವುದು ಒಳ್ಳೇದು?

ಕನ್ಸೋಲಾಸ್, ಫೈರಾ ಕೋಡ್, ಜೆಟ್‌ಬ್ರೇನ್ಸ್ ಮಾನೋ ಈ ಕೋಡಿಂಗ್ ಫಾಂಟ್‌ಗಳಲ್ಲಿ ಕನ್ನಡ ಇಲ್ಲ. ಸಿಸ್ಟಂ ತನಗೆ ಸಿಕ್ಕಿದ ಬೇರೆ ಫಾಂಟ್ ತರತ್ತೆ, ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನಿರ್ಮಲಾ ಯುಐ ಅಥವಾ ತುಂಗಾ. ಸಾಲಿನ ಎತ್ತರ ಮಾತ್ರ ಇಂಗ್ಲಿಷ್ ಫಾಂಟ್‌ದೇ ಉಳಿಯತ್ತೆ. "ರಾಷ್ಟ್ರ" ಬರೆದು ನೋಡಿ, ಷ ಕೆಳಗೆ ಟ, ಅದ್ರ ಪಕ್ಕ ರ ಒತ್ತು, ಅದು ಇಂಗ್ಲಿಷ್ ಅಳತೆಗೆ ಹಿಡಿಯಲ್ಲ. ಫಾಂಟ್ ಪಟ್ಟೀಲಿ ಇಂಗ್ಲಿಷ್ ಫಾಂಟ್ ಆದ್ಮೇಲೆ ನೋಟೋ ಸಾನ್ಸ್ ಕನ್ನಡ ಅಥವಾ ಗುಬ್ಬಿ, ನವಿಲು ಥರದ ಮುಕ್ತ ಫಾಂಟ್ ಹೆಸರು ನೀವೇ ಹಾಕಿ, ಸಾಲಿನ ಎತ್ತರ ಫಾಂಟ್ ಸೈಜಿನ 1.6 ಪಟ್ಟಿಂದ ಶುರು ಮಾಡಿ ಕಣ್ಣಿಗೆ ಹಿತ ಆಗೋವರೆಗೂ ಏರಿಸಿ.

ಪ್ರ: ಕನ್ನಡ ಹೆಸರಿರೋ ಟೇಬಲ್ ಸ್ಪೇಸ್ ಕೊಟ್ಟು ಜೋಡಿಸಿದ್ರೆ ನೇರ ಬರಲ್ಲ.

ಬರಲ್ಲ, ಅದಕ್ಕೆ ಹೆಣಗಾಡ್ಲೂ ಬೇಡಿ. ಒಂದು ಫಾಂಟ್‌ನಲ್ಲಿ ನೇರ ಮಾಡಿದ್ರೆ ಇನ್ನೊಬ್ಬರ ಮೆಷಿನ್‌ನಲ್ಲಿ ಸೊಟ್ಟ ಆಗತ್ತೆ. ಪೈಥಾನ್‌ನ ಎಲ್‌ಜಸ್ಟ್ ಕೋಡ್ ಪಾಯಿಂಟ್ ಎಣಿಸಿ ಸ್ಪೇಸ್ ಹಾಕತ್ತೆ, ಬ್ಯಾಶ್‌ನ ಪ್ರಿಂಟ್‌ಎಫ್ ಬೈಟ್ ಎಣಿಸತ್ತೆ, ಎರಡೂ ಕನ್ನಡಕ್ಕೆ ಉಪಯೋಗ ಇಲ್ಲ. ಫೈಲ್‌ನಲ್ಲಿ ಟ್ಯಾಬ್ ಅಥವಾ ಕಾಮಾ ಇಟ್ಟು ಸ್ಪ್ರೆಡ್‌ಶೀಟ್‌ನಲ್ಲಿ ನೋಡಿ. ಈಮ್ಯಾಕ್ಸ್‌ನ ಆರ್ಗ್ ಮೋಡ್ ಟೇಬಲ್ ಬಿಡೋಕೆ ಮನಸ್ಸಿಲ್ದವ್ರು ವಿಅಲೈನ್ ಪ್ಯಾಕೇಜ್ ಹಾಕ್ಕೊಳ್ಳಿ, ಅದು ಪಿಕ್ಸೆಲ್ ಅಳೆದು ನೇರ ಮಾಡತ್ತೆ.

ಪ್ರ: ಗಿಟ್‌ನಲ್ಲಿ ಕನ್ನಡ ಫೈಲ್ ಹೆಸರು \340\262\225 ಅಂತೆಲ್ಲ ಬರತ್ತೆ.

ಅದು "ಕ" ಅಕ್ಷರದ 3 ಬೈಟ್‌ಗಳು, ಆಕ್ಟಲ್‌ನಲ್ಲಿ (8ರ ಆಧಾರದ ಅಂಕಿಯಲ್ಲಿ). ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಕೋಟ್‌ಪಾತ್ ಅನ್ನೋದನ್ನ ಫಾಲ್ಸ್ ಮಾಡಿ, ಕನ್ನಡದಲ್ಲೇ ಕಾಣತ್ತೆ. ಜೊತೆಗೆ ಇನ್ನೊಂದು, ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್, ಕನ್ನಡಕ್ಕೆ ಅದು 85 ಕೋಡ್ ಪಾಯಿಂಟ್ ಮಾತ್ರ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಫೈಲ್ ಹೆಸರು ಮಾಡೋರು ಇದಕ್ಕೆ ಸಿಕ್ಕಿಹಾಕ್ಕೋತಾರೆ.

ಪ್ರ: ಪದಪಟ್ಟಿ ಸಾರ್ಟ್ ಮಾಡಿದ್ರೆ ಳ ಮಧ್ಯ ಬಂದು ಕೂರತ್ತೆ.

ಕೋಡ್ ಕ್ರಮದಲ್ಲಿ ರ, ಱ, ಲ, ಳ, ವ ಅಂತ ಇದೆ, ವರ್ಣಮಾಲೆಯಲ್ಲಿ ಳ ಹಕಾರದ ನಂತರ. ಎಡಿಟರ್‌ಗಳ ಸಾರ್ಟ್ ಕಮಾಂಡ್ ಕೋಡ್ ನೋಡಿ ಜೋಡಿಸೋದ್ರಿಂದ "ಳ" ಇರೋ ಪದಗಳು ವಕಾರಕ್ಕಿಂತ ಮುಂಚೆ ಬರತ್ವೆ. ನಿಘಂಟು ಥರದ ಕೆಲಸ ಇದ್ರೆ ಸ್ವಂತ ಅಕ್ಷರಕ್ರಮ ಕೊಟ್ಟು ಸಣ್ಣ ಸ್ಕ್ರಿಪ್ಟ್ ಬರ್ಕೊಳ್ಳಿ.

ಪ್ರ: ಕನ್ನಡ ಮತ್ತೆ ಉರ್ದು ಒಂದೇ ಫೈಲ್‌ನಲ್ಲಿದೆ, ವಿಮ್‌ನಲ್ಲಿ ಉರ್ದು ತಿರುಗುಮುರುಗಾಗಿ ಕಾಣತ್ತೆ.

ವಿಮ್‌ಗೆ ಒಂದೇ ಸಾಲಲ್ಲಿ ಎಡದಿಂದ ಬಲ, ಬಲದಿಂದ ಎಡ ಎರಡನ್ನೂ ನಿಭಾಯಿಸೋ ಶಕ್ತಿ ಇಲ್ಲ, ರೈಟ್‌ಲೆಫ್ಟ್ ಆಪ್ಶನ್ ಇಡೀ ಕಿಟಕಿಯನ್ನೇ ತಿರುಗಿಸತ್ತೆ. ಟರ್ಮಿನಲ್ ತಾನೇ ದಿಕ್ಕು ನೋಡ್ಕೊಳ್ಳೋದಾದ್ರೆ ಟರ್ಮ್‌ಬೈಡಿ ಆನ್ ಮಾಡಿ. ಇಂಥ ಮಿಶ್ರ ಫೈಲ್‌ಗಳಿಗೆ ಈಮ್ಯಾಕ್ಸ್ ಅಥವಾ ವಿಎಸ್ ಕೋಡ್ ಒಳ್ಳೇದು. ದಿಕ್ಕು ಬದಲಿಸೋ ಕಾಣದ ಅಕ್ಷರಗಳನ್ನ ಬಳಸಿ ಕೋಡ್ ಓದೋರಿಗೆ ಒಂದು ಥರ, ಕಂಪೈಲರ್‌ಗೆ ಇನ್ನೊಂದು ಥರ ಕಾಣೋ ಹಾಗೆ ಮಾಡ್ಬಹುದು ಅಂತ 2021ರಲ್ಲಿ ಕೇಂಬ್ರಿಜ್ ಸಂಶೋಧಕರು ತೋರಿಸಿದ್ರು, ಟ್ರೋಜನ್ ಸೋರ್ಸ್ ಅಂತ ಅದ್ರ ಹೆಸರು. ಆಮೇಲೆ ವಿಎಸ್ ಕೋಡ್ ಅಂಥ ಅಕ್ಷರಗಳ ಸುತ್ತ ಚೌಕ ಹಾಕಿ ಎಚ್ಚರಿಸೋಕೆ ಶುರು ಮಾಡ್ತು. ಆ ಎಚ್ಚರಿಕೆ ಕನ್ನಡದ ಮೇಲೆ ಬಂದ್ರೆ ಸೆಟ್ಟಿಂಗ್‌ನಲ್ಲಿ ಯೂನಿಕೋಡ್ ಹೈಲೈಟ್ ಅಂತ ಹುಡುಕಿ ಆ ಅಕ್ಷರಕ್ಕೆ ಮಾತ್ರ ಅನುಮತಿ ಕೊಡಿ, ಪೂರ್ತಿ ಆಫ್ ಮಾಡ್ಬೇಡಿ.

ಪ್ರ: ಕಂಪೈಲರ್ ಹೇಳೋ ಕಾಲಂ ನಂಬರ್‌ಗೂ ಎಡಿಟರ್ ತೋರಿಸೋದಕ್ಕೂ ತಾಳೆ ಆಗಲ್ಲ.

ಕನ್ನಡ ಕಾಮೆಂಟ್ ಅಥವಾ ಸ್ಟ್ರಿಂಗ್ ಇರೋ ಸಾಲಲ್ಲಿ ಮಾತ್ರ ಹೀಗಾಗತ್ತಾ ನೋಡಿ. ಬೈಟ್ ಎಣಿಸೋ ಟೂಲ್ ಆಗಿದ್ರೆ ಪ್ರತಿ ಕನ್ನಡ ಕೋಡ್ ಪಾಯಿಂಟ್‌ಗೂ 2 ಜಾಸ್ತಿ ಬರತ್ತೆ, ಅಷ್ಟು ಕಳೆದ್ರೆ ಸರಿಯಾದ ಜಾಗ ಸಿಗತ್ತೆ. ಎಡಿಟರ್‌ಗೆ ಎರರ್, ಸಲಹೆ ಒದಗಿಸೋ ಲ್ಯಾಂಗ್ವೇಜ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಎಫ್-16 ಲೆಕ್ಕ ಬಳಸತ್ವೆ, ಅದ್ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್ 1, ಇಮೋಜಿ 2, ಹಂಗಾಗಿ ಅಲ್ಲಿ ಕನ್ನಡದಿಂದ ತೊಂದ್ರೆ ಬರಲ್ಲ. ವಿಮ್‌ನಲ್ಲಿ ಜಿ ಒತ್ತಿ ಆಮೇಲೆ ಕಂಟ್ರೋಲ್ ಜಿ ಒತ್ತಿದ್ರೆ ಕರ್ಸರ್ ಎಷ್ಟನೇ ಕಾಲಂ, ಎಷ್ಟನೇ ಅಕ್ಷರ, ಎಷ್ಟನೇ ಬೈಟ್ ಅಂತ ಎಲ್ಲಾ ಲೆಕ್ಕನೂ ಒಟ್ಟಿಗೆ ಕೊಡತ್ತೆ, ಯಾವುದು ಕಂಪೈಲರ್ ಹೇಳಿದ್ದಕ್ಕೆ ಹೊಂದತ್ತೆ ಅಂತ ಅಲ್ಲೇ ನೋಡ್ಕೊಳ್ಳಿ.